ಪೆಂಗ್ ಟೀಚರ್ ಏನು ನಂಬಿದ್ದರು

ಚಿತೆಗೆ ಬೆಂಕಿ ಇಡುವ ಮುಂಚೆ ಸತ್ತವರ ಬದುಕನ್ನು ಒಬ್ಬರು ಮೈಕಿನಲ್ಲಿ ಓದಬೇಕು. ಹುಟ್ಟಿದ ಊರು, ತಂದೆ ತಾಯಿ, ಓದು, ಕೆಲಸ, ಸರ್ಕಾರ ಕೊಟ್ಟ ಪದಕ, ಕಾಯಿಲೆ, ಕೊನೆಯ ಉಸಿರು. ಎಲ್ಲ ಸೇರಿ ಒಂದೂವರೆ ಪುಟವಾದರೆ ಹೆಚ್ಚು. ಕೊನೆಗೊಂದು ಸಾಲು ಇದ್ದೇ ಇರುತ್ತದೆ: ‘ಇವರು ಬುದ್ಧ, ಧರ್ಮ, ಸಂಘಗಳಲ್ಲಿ ಅಚಲವಾದ ಶ್ರದ್ಧೆಯುಳ್ಳವರಾಗಿದ್ದರು.’ ಅಕ್ಕಿಯ ಹೆಂಡ ಬಿಟ್ಟು ಬೇರೇನನ್ನೂ ನಂಬದಿದ್ದ ನನ್ನ ಮಾವನ ಬಗ್ಗೆಯೂ ಇದೇ ಸಾಲನ್ನು ಓದಿದ್ದರು. ಯಾರೂ ನಗಲಿಲ್ಲ.

ಚನ್‌ಪೆಂಗ್ ತೀರಿಕೊಂಡ ಮಾರನೆಯ ಬೆಳಿಗ್ಗೆ ಅವಳ ತಂಗಿಯ ಮಗಳು ಫಿಕುನ್ ನನ್ನ ಬಾಗಿಲಿಗೆ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಲಮೈ ದೊಡ್ಡಮ್ಮ, ಬರಿಯೋದೂ ನೀವೇ, ಓದೋದೂ ನೀವೇ. ಥಾಯ್ ಭಾಷೆ ಟೀಚರ್ ಅಲ್ವಾ ನೀವು. ಅದೂ ಅಲ್ದೆ ಅವರ ವಿಷಯ ನಿಮಗಿಂತ ಜಾಸ್ತಿ ಇನ್ಯಾರಿಗೆ ಗೊತ್ತು?”

ಗೆಳತಿಯ ದೇಹ ಗೋಡೆಯ ಆಚೆ ಮಲಗಿರುವಾಗಲೇ, ಆ ಕೊನೆಯ ಮಾತಿಗೆ ನನ್ನ ಮನಸ್ಸು ಒಳಗೊಳಗೇ ಹಿಗ್ಗಿತು. ಇನ್ಯಾರಿಗೆ ಗೊತ್ತು! ಸಂಜೆಯ ಹೊತ್ತಿಗೆ ತಮಗೇ ಗೊತ್ತು ಎಂದುಕೊಂಡ ಮೂವರು ಬಂದಿಳಿದರು. ಮೂವರೂ ಅವಳ ಹಳೆಯ ವಿದ್ಯಾರ್ಥಿಗಳು. ಮೂವರಿಗೂ ಬೇಕಾಗಿದ್ದುದು ಆ ಕೊನೆಯ ಸಾಲು.

ಉಳಿದದ್ದೆಲ್ಲ ಬರೆಯಲು ಸುಲಭವಿತ್ತು. ಪೆಂಗ್ ಹುಟ್ಟಿದ್ದು ಹೊಳೆಯ ಮೇಲ್ದಂಡೆಯ ನೇಕಾರರ ಹಳ್ಳಿಯಲ್ಲಿ, ಹುಣ್ಣಿಮೆಯಂದು. ನಮ್ಮ ಕಡೆ ತುಂಬು ಚಂದ್ರನಿಗೆ ಚನ್‌ಪೆಂಗ್ ಎನ್ನುತ್ತಾರೆ, ಅದೇ ಹೆಸರಾಯಿತು. ಮಗ್ಗದ ಸದ್ದಿನ ಪಕ್ಕ ಕೂತು ಓದಿದಳು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಲಾವೋಸ್ ಗಡಿಯ ಬೆಟ್ಟಗಳ ಕೆಳಗಿನ ಹೈಸ್ಕೂಲಿಗೆ ಇಬ್ಬರಿಗೂ ಒಟ್ಟಿಗೇ ಕೆಲಸ ಸಿಕ್ಕಿತು. ಅವಳದು ಸಮಾಜ ಪಾಠ: ಚರಿತ್ರೆ, ಪೌರನೀತಿ, ಧರ್ಮಗಳು. ನನ್ನದು ಭಾಷೆ. ಸರ್ಕಾರ ಕಂಬದ ಮೇಲಿನ ಒಂದು ಮರದ ಮನೆಯನ್ನು ನಡುವೆ ಹಲಗೆ ಬಡಿದು ಎರಡು ಮಾಡಿ ನಮಗಿಬ್ಬರಿಗೂ ಕೊಟ್ಟಿತು. ನನಗೆ ಗಂಡ ಬಂದು ಹೋದ. ಹಲಗೆಯ ಗೋಡೆ ಉಳಿಯಿತು. ನಿವೃತ್ತರಾದ ಮೇಲೂ ಅಭ್ಯಾಸ ಬಿಡಲಾಗದೆ ಪೇಟೆಯಲ್ಲಿ ಅಂಥದ್ದೇ ಜೋಡಿಮನೆ ಹಿಡಿದೆವು. ಅವಳು ಗೋಡೆಯನ್ನು ಒಮ್ಮೆ ತಟ್ಟಿದರೆ ಚಹಾ ಇಟ್ಟಿದ್ದೇನೆ ಎಂದು ಅರ್ಥ. ಬಿಡದೆ ತಟ್ಟಿದರೆ ರೇಡಿಯೊ ಸಣ್ಣ ಮಾಡೇ ಎಂದು.

ನಮ್ಮ ಜಗಳವೆಲ್ಲ ಒಂದೇ. ಮಕ್ಕಳು ನನ್ನನ್ನು ಏನು ಕೇಳಿದರೂ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಿದ್ದೆ. ಮರುಜನ್ಮ ಇದೆಯೇ? ಇದೆ. ಮರದಲ್ಲಿ ದೆವ್ವ ಇದೆಯೇ? ಕೆಲವು ಮರಗಳಲ್ಲಿ. ಗಂಡುಮಗ ಕಾವಿ ಉಡಬೇಕೇ? ಒಂದು ಮಳೆಗಾಲವಾದರೂ ಉಡಲೇಬೇಕು, ತಾಯಿಯ ಹಾಲಿನ ಋಣ ತೀರುವುದು ಹಾಗೆಯೇ. ಪೆಂಗಳನ್ನು ಕೇಳಿದರೆ ಅವಳು ಒಬ್ಬೊಬ್ಬರ ವಾದವನ್ನೂ ಸಮನಾಗಿ, ಅವರವರು ಹೇಳುವುದಕ್ಕಿಂತ ಚೆನ್ನಾಗಿ ಹೇಳಿ ನಿಲ್ಲಿಸುತ್ತಿದ್ದಳು. “ಸರಿ, ನೀವೇನಂತೀರಿ ಟೀಚರ್?” ಎಂದರೆ ಬೋರ್ಡು ಒರೆಸುತ್ತಿದ್ದಳು.

“ನಂಬಿಕೆ ಬಾಯಿಬಿಡದ ಟೀಚರ್ ಉಪ್ಪಿಲ್ಲದ ಸಾರು ಕಣೇ,” ಎನ್ನುತ್ತಿದ್ದೆ ನಾನು.

“ಉಪ್ಪು ಅವರವರ ಎಲೆಗೆ ಅವರೇ ಹಾಕ್ಕೋತಾರೆ ಬಿಡು.”

“ಮಕ್ಕಳ ಮುಂದೆ ಮುಚ್ಚುಮರೆ ಯಾಕೆ? ನಿಂದೇನು ಕಳ್ಳತನವಾ?”

“ಲಮೈ, ಮಾರ್ಕು ಹಾಕೋಳು ನಾನು. ಮಾರ್ಕು ಹಾಕೋಳ ಬಾಯಲ್ಲಿ ಬಂದದ್ದೆಲ್ಲ ಪಾಠ ಆಗಿಬಿಡುತ್ತೆ. ನಾಳೆ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದು ಒಪ್ಪಿಸ್ತಾವೆ. ನಿನ್ನ ಕ್ಲಾಸಲ್ಲಿ ಎಲ್ಲರೂ ದೆವ್ವದ ಮೇಲೆ ಪ್ರಬಂಧ ಬರೀತಾರಲ್ಲ, ಅವರೆಲ್ಲ ದೆವ್ವ ನೋಡಿದಾರಾ?”

ಅವಳು ಹೇಳಿದ್ದು ನಿಜವೋ ಸುಳ್ಳೋ, ನನ್ನನ್ನು ಉರಿಸುತ್ತಿದ್ದದ್ದು ಅದಲ್ಲ. ಎದೆ ಬಿಚ್ಚಿಟ್ಟವಳು ನಾನು. ಮಕ್ಕಳು ಮುತ್ತಿಕೊಳ್ಳುತ್ತಿದ್ದದ್ದು ಬೀಗ ಹಾಕಿಕೊಂಡಿದ್ದ ಅವಳನ್ನು.

ಜೂನಿನ ಗುರುವಾರ, ಗುರುಪೂಜೆಯ ದಿನ, ಇದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬೇರೆ ಶಾಲೆಗಳಲ್ಲಿ ತರಗತಿಗೊಂದು ಹೂತಟ್ಟೆ ತರುತ್ತಾರೆ. ನಮ್ಮಲ್ಲಿ ಮಗುವಿಗೊಂದು ಬಾಳೆಲೆಯ ದೊನ್ನೆ. ಬೇಗ ಬೇಗ ಕಲಿಯಲೆಂದು ಗರಿಕೆ, ಬುದ್ಧಿ ಮೊನಚಾಗಲೆಂದು ಕೇಪಳದ ಮೊಗ್ಗು, ತಲೆ ಬಾಗಿರಲೆಂದು ಬದನೆಯ ಹೂವು. ನಾವು ಸಾಲಾಗಿ ಕುರ್ಚಿಯಲ್ಲಿ ಕೂತಿರುತ್ತೇವೆ. ಮಗು ಮಂಡಿಯಲ್ಲಿ ತೆವಳಿ ಬಂದು, ತನಗೆ ಬೇಕಾದ ಟೀಚರ ಪಾದದ ಬಳಿ ಬಾಗಿ, ದೊನ್ನೆಯನ್ನು ಮಡಿಲಿಗೆ ಕೊಡುತ್ತದೆ. ಬೇಕಾದ ಟೀಚರ! ಈ ಪದ್ಧತಿ ತಂದ ಹೆಡ್‌ಮಾಸ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಪೆಂಗಳ ಮಡಿಲು ತುಂಬಿ, ಕುರ್ಚಿಯ ಕೆಳಗೆ ರಾಶಿ ಬಿದ್ದು, ಅವಳ ಕತ್ತಿನವರೆಗೂ ಹಸಿರು. ಪಕ್ಕದಲ್ಲಿ ನಾನು, ಲಂಗ ಸರಿಮಾಡಿಕೊಳ್ಳುವವಳ ಹಾಗೆ ಮಡಿಲನ್ನು ಕೈಯಿಂದ ಮುಚ್ಚಿಕೊಂಡು.

“ನಿನ್ನ ಗರಿಕೆ ಒಂದು ಮೇಕೆಗೆ ಸಾಲುತ್ತಾ?” ಎಂದು ಅವಳು ತುಟಿ ಅಲುಗಿಸದೆ ಕೇಳುತ್ತಿದ್ದಳು.

“ಮರಿಗೆ ಸಾಲುತ್ತೆ. ಮುಂದೆ ನೋಡೇ, ಹೆಡ್‌ಮಾಸ್ಟ್ರು ನೋಡ್ತಿದಾರೆ.”

ಇನ್‌ಕೇವ್ ಆ ಮೂವರಲ್ಲಿ ಮೊದಲನೆಯವನು. ಅವನು ಕಾವಿ ಉಟ್ಟದ್ದು ನನ್ನನ್ನು ಇನ್ನೂ ಉರಿಸುವ ಕಥೆ. ಅವನಿಗೆ ಇಡೀ ವರ್ಷ ತಾಯಿಯ ಹಾಲಿನ ಋಣ ಬೋಧಿಸಿದವಳು ನಾನು. ಅವನು ಹೋಗಿ ಪೆಂಗಳ ಮುಂದೆ ನಿಂತ. ಅವಳು, “ನೀನು ವಿಹಾರದಲ್ಲಿರೋ ತಿಂಗಳುಗಳಲ್ಲಿ ನಿಮ್ಮಮ್ಮನ ಗದ್ದೆಗೆ ನೀರು ಕಟ್ಟೋರು ಯಾರಪ್ಪ?” ಎಂದಷ್ಟೇ ಕೇಳಿ ಕಳಿಸಿದಳು. ಅವನು ಆ ವರ್ಷ ಗದ್ದೆಗೆ ನೀರು ಕಟ್ಟಿ, ಚಿಕ್ಕಪ್ಪನನ್ನು ಒಪ್ಪಿಸಿ, ಮರುವರ್ಷ ತಲೆ ಬೋಳಿಸಿಕೊಂಡ. ಮೆರವಣಿಗೆ ನಮ್ಮ ಬೀದಿಗೆ ಬಂದಾಗ ನಾನು ಬಾಗಿಲಲ್ಲಿ ಅಂಟಕ್ಕಿ ಅನ್ನ, ಹೂವು ಹಿಡಿದು ನಿಂತಿದ್ದೆ. ಅವನು ಮೊದಲು ಪೆಂಗಳ ಮೆಟ್ಟಿಲ ಬಳಿ ಬಾಗಿ, ಕಾವಿ ಉಡುವವರ ವಾಡಿಕೆಯಂತೆ ತಪ್ಪಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡು, ಆಮೇಲೆ ನನ್ನ ಕಡೆ ತಿರುಗಿದ. ಈಗ ಹೊಳೆಯಾಚೆಯ ವಿಹಾರಕ್ಕೆ ಅವನೇ ಮುಖ್ಯ ಭಿಕ್ಷು. ಉಪದೇಶ ಕೊಡುವಾಗಲೆಲ್ಲ, “ಪೆಂಗ್ ಟೀಚರ ಶ್ರದ್ಧೆಯೇ ನನ್ನನ್ನು ಇಲ್ಲಿಗೆ ತಂದದ್ದು,” ಎನ್ನುತ್ತಾನೆ. ಕೈ ಮುಗಿದುಕೊಂಡು ಕೆಳಗೆ ಕೂತು ನಾನು ಅದನ್ನು ಕೇಳಬೇಕು.

ಎರಡನೆಯವಳು ಯೇರ್, ಬೆಟ್ಟದ ಮೇಲಿನ ಮೊಂಗ್ ಬುಡಕಟ್ಟಿನ ಹುಡುಗಿ, ಶಾಲೆಯ ಹಾಸ್ಟೆಲಿನಲ್ಲಿದ್ದವಳು. ಮನೆಯವರೆಲ್ಲ ಕ್ರೈಸ್ತರಾಗಿದ್ದರು. ಮನುಷ್ಯರ ಪಾದಕ್ಕೆ ಹಣೆ ಮುಟ್ಟಿಸಬಾರದು ಎಂದು ಅವರಪ್ಪ ಹೇಳಿ ಕಳಿಸಿದ್ದ. ಗುರುಪೂಜೆಯ ಹಿಂದಿನ ದಿನ ಹುಡುಗಿ ಸ್ಟಾಫ್ ರೂಮಿಗೆ ಬಂದು ಬಿಕ್ಕಿದಳು. ಅದು ಬರೀ ಮರ್ಯಾದೆಯಮ್ಮ, ದೇವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ನನ್ನ ಅಭಿಪ್ರಾಯ ಹೇಳಿದೆ. ಪೆಂಗ್ ಪಕ್ಕದ ಮೇಜಿನಿಂದ ಎಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ಯೇರ್ ದೊನ್ನೆ ಹಿಡಿದು ಹತ್ತಿರ ಬರುತ್ತಿದ್ದಂತೆ ಪೆಂಗ್ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಎದ್ದು ನಿಂತವರ ಪಾದಕ್ಕೆ ತೆವಳಿ ಬಾಗುವ ಪದ್ಧತಿ ಇಲ್ಲ. ಹುಡುಗಿಯೂ ಎದ್ದು, ನಿಂತೇ ಕೊಟ್ಟಳು. ಬ್ಯಾಂಕಾಕಿನಿಂದ ವರ್ಗವಾಗಿ ಬಂದಿದ್ದ ಹೆಡ್‌ಮಾಸ್ಟರು, “ಏನಾಯ್ತು ಟೀಚರ್?” ಎಂದರೆ, “ಕಾಲು ಜೋಮು ಹಿಡೀತು ಸಾರ್,” ಎಂದಳು. ಈಗ ಯೇರ್ ಪಾದ್ರಿಯ ಹೆಂಡತಿ. ಪೆಂಗ್ ಟೀಚರ್ ಗುಟ್ಟಾಗಿ ಪ್ರಭುವನ್ನು ನಂಬಿದ್ದರು, ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು ಎಂದು ಸುಮ್ಮನಿದ್ದರು ಎಂಬುದು ಅವಳ ಮಾತು.

ಮೂರನೆಯವನು ಸಕ್ದಾ. ದನದ ಡಾಕ್ಟರು, ಹಂದಿಗಳ ಸೂಜಿಗೆ ತಾಲೂಕಿಗೆಲ್ಲ ಹೆಸರುವಾಸಿ. ಚಿಕ್ಕಂದಿನಲ್ಲಿ ಇವನಿಗೆ ಶಾಲೆಯ ಗೇಟಿನ ಬಳಿಯ ಭೂತದ ಗುಡಿಯ ಮೇಲೆ ಅನುಮಾನ. ಎಲ್ಲರೂ ಅದರ ಮುಂದೆ ಕೈ ಮುಗಿದೇ ಒಳಗೆ ಬರುತ್ತಾರಲ್ಲ, ಪೆಂಗ್ ಟೀಚರ್ ಮುಗಿಯುತ್ತಾರೋ ಇಲ್ಲವೋ ಎಂದು ದಿನಾ ಬೇಲಿಯ ಹಿಂದೆ ಕಾಯುತ್ತಿದ್ದ. ದಿನಾ ಅವಳ ಒಂದು ಕೈಯಲ್ಲಿ ಪುಸ್ತಕದ ಕಟ್ಟು, ಇನ್ನೊಂದರಲ್ಲಿ ಕೊಡೆ. ಚಳಿಗಾಲದಲ್ಲೂ ಕೊಡೆ. “ಬೇಕೂಂತಲೇ ಎರಡೂ ಕೈ ತುಂಬ್ಕೊಂಡು ಬರ್ತಿದ್ರು,” ಎನ್ನುತ್ತಾನೆ. “ನಮ್ಮ ಟೀಚರ್ ಏನನ್ನೂ ನಂಬಿರಲಿಲ್ಲ. ಅದನ್ನ ಅರ್ಥ ಮಾಡ್ಕೊಂಡಿದ್ದು ನಾನೊಬ್ಬನೇ.”

ನೋಡಿ, ನಾನೊಬ್ಬನೇ. ಮೂವರೂ ಆಡುವುದು ಅದೇ ಮಾತು.

ಕಳೆದ ಚಳಿಗಾಲದಲ್ಲಿ ಪೆಂಗಳ ಯಕೃತ್ತು ಕೆಟ್ಟಿತು. ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಒಂದು ಮಧ್ಯಾಹ್ನ ನಾನು ಚಕ್ಕೋತ ಸುಲಿಯುತ್ತ ಕೂತಿದ್ದೆ. ಅವಳು ತಿನ್ನುವುದನ್ನು ಬಿಟ್ಟಿದ್ದಳು, ವಾಸನೆ ಇಷ್ಟವೆಂದು ಸುಲಿಸುತ್ತಿದ್ದಳು.

“ಪೆಂಗ್, ನಾನು ನಿನ್ನ ವಿದ್ಯಾರ್ಥಿ ಅಲ್ಲ. ನಂಗೇನು ನೀನು ಮಾರ್ಕು ಹಾಕ್ಬೇಕಾಗಿಲ್ಲ. ಈಗಲಾದ್ರೂ ಹೇಳೇ.”

“ನಿಂಗೆ ಮಾರ್ಕು ಹಾಕ್ತಾನೇ ಬಂದಿದೀನಿ.”

“ಎಷ್ಟು ಬಂತು?”

“ಪಾಸು.”

“ಹೇಳೇ ಅಂದ್ರೆ.”

ಹೇಳಿದಳು. ಒಂದು ತೊಳೆಯ ಸಿಪ್ಪೆ ಬಿಡಿಸುವಷ್ಟು ಹೊತ್ತು ಹಿಡಿಯಿತು, ಅಷ್ಟೆ.

“ಇಷ್ಟೇನಾ?” ಎಂದೆ.

“ಇನ್ನೇನು, ಒಳಗೆ ಹುಲಿ ಕಟ್ಟಿದೀನಿ ಅಂದ್ಕೊಂಡಿದ್ಯಾ?” ಎಂದು ನಕ್ಕಳು. ನಗು ಕೆಮ್ಮಾಯಿತು. ನರ್ಸು ಬಂದು ನನ್ನನ್ನೇ ಗದರಿದಳು. ಯಾರಿಗೂ ಹೇಳಬೇಡ ಎಂದು ಪೆಂಗ್ ಅನ್ನಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ಅವಳು ಹೋದದ್ದು ಆ ವಾರವೇ.

ಹಾಗಾಗಿ ಆ ಮೂವರು ಬಂದು ನನ್ನ ಮುಂದೆ ಕೂತಾಗ ಆ ಸಾಲು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಬರೆಯಬೇಕೋ ಬೇಡವೋ ಎಂಬುದೊಂದೇ ಗೊತ್ತಿರಲಿಲ್ಲ.

ದೇಹವನ್ನು ಅವಳ ಮನೆಯ ಮುಂಗೋಣೆಯಲ್ಲಿ ಇಟ್ಟಿದ್ದರು. ಪೆಟ್ಟಿಗೆಯ ತಲೆಯ ಕಡೆ ಎಣ್ಣೆಯ ದೀಪ. ಬೆಂಕಿ ಇಡುವವರೆಗೂ ಅದು ಆರಬಾರದು. ಹೋಗುವವಳಿಗೆ ದಾರಿಗೆ ಬೆಳಕು. ಈಗ ಯಾರೂ ಸಾವಿನ ಮನೆಗೆ ಹೂವಿನ ಚಕ್ರ ತರುವುದಿಲ್ಲ. ಹೂವು ಬಾಡುತ್ತದೆಂದು ನಿಲ್ಲುವ ಫ್ಯಾನು ತರುತ್ತಾರೆ, ಆಮೇಲೆ ವಿಹಾರಕ್ಕೋ ಶಾಲೆಗೋ ಕೊಡಬಹುದು. ಕೊಟ್ಟವರ ಹೆಸರಿನ ರಿಬ್ಬನ್ನು ಕಂಬಕ್ಕೆ ಸುತ್ತಿರುತ್ತದೆ. ಇನ್‌ಕೇವ್ ಭಿಕ್ಷುವಿನ ಶಿಷ್ಯರ ಫ್ಯಾನಿನ ಮೇಲೆ ‘ಧರ್ಮದ ಹಾದಿ ತೋರಿದ ಗುರುವಿಗೆ’ ಎಂದಿತ್ತು. ಯೇರಳ ಫ್ಯಾನಿನ ಮೇಲೆ ‘ಪ್ರಭುವಿನ ಮಡಿಲು ಸೇರಿದ ಅಮ್ಮನಿಗೆ’. ಸಕ್ದಾನ ಫ್ಯಾನು ಎಲ್ಲಕ್ಕಿಂತ ಎತ್ತರ, ‘ಯಾವುದಕ್ಕೂ ತಲೆಬಾಗದ ಟೀಚರಿಗೆ’.

ಸಂಜೆಯ ಪಠಣ ಮುಗಿದು ಗಂಜಿ ಬಡಿಸುವ ಹೊತ್ತು. ಸೆಕೆಯೇನೂ ಇರಲಿಲ್ಲ. ಆದರೂ ಸಕ್ದಾ ಎದ್ದು ತನ್ನ ಫ್ಯಾನನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದು ಗುಂಡಿ ಒತ್ತಿದ, ರಿಬ್ಬನ್ನು ಎಲ್ಲರಿಗೂ ಕಾಣಲೆಂದು. ಅದನ್ನು ಕಂಡ ಯೇರ್ ತನ್ನದನ್ನು ಇನ್ನೂ ಹತ್ತಿರಕ್ಕೆ ತಂದಳು. ಭಿಕ್ಷು ಸುಮ್ಮನೆ ಕೂತಿದ್ದ. ಅವನ ಶಿಷ್ಯನೊಬ್ಬ ಎದ್ದು ಮೂರನೆಯದನ್ನೂ ಹಾಕಿದ. ಮೂರು ಕಡೆಯಿಂದ ಗಾಳಿ ನುಗ್ಗಿ ದೀಪ ಆರಿಹೋಯಿತು.

ಹೆಂಗಸರು ಅಯ್ಯೋ ಎಂದರು.

“ಯಾರ್ರೀ ಅದು ಈ ಕಡೆ ತಿರುಗಿಸಿದ್ದು?” ಎಂದ ಸಕ್ದಾ.

“ನಿಂದೇ ಕಣೋ. ನಂದು ಬಾಗಿಲ ಕಡೆಗಿತ್ತು,” ಎಂದಳು ಯೇರ್.

“ನಂಬಿಕೆ ಇಲ್ಲದೋರ ಗಾಳಿ, ದೀಪ ಆರಿಸದೆ ಇನ್ನೇನು ಮಾಡುತ್ತೆ,” ಎಂದು ಭಿಕ್ಷು ನೆಲ ನೋಡಿಕೊಂಡು ಹೇಳಿದ.

“ಸ್ವಾಮಿಗಳ ಫ್ಯಾನು ನೆಟ್ಟಗೆ ದೀಪದ ಮೂತಿಗೇ ಇದೆ, ಸ್ವಲ್ಪ ಕಣ್ಣು ಬಿಟ್ಟು ನೋಡಿ.”

“ಸಕ್ದಾ, ಬಾಯಿ ಮುಚ್ಚು! ಕಾವಿ ಉಟ್ಟೋರ ಹತ್ರ ಹೀಗಾ ಮಾತಾಡೋದು?” ಎಂದೆ ನಾನು, ಹಳೆಯ ದನಿಯಲ್ಲಿ.

ಫಿಕುನ್ ಮೂರೂ ಫ್ಯಾನುಗಳ ವೈರು ಕಿತ್ತು, ಕಡ್ಡಿ ಗೀರಿ ದೀಪ ಹಚ್ಚಿದಳು. ಮೂವರೂ ಬೈಸಿಕೊಂಡ ಮಕ್ಕಳಂತೆ ಗಂಜಿಯ ಬಟ್ಟಲು ಹಿಡಿದು ನನ್ನ ಸುತ್ತ ಕೂತರು.

“ಲಮೈ ಟೀಚರ್, ಆ ಶ್ರದ್ಧೆಯ ಸಾಲು ಸ್ವಲ್ಪ ಗಟ್ಟಿಯಾಗಿ ಬರೀರಿ,” ಎಂದ ಭಿಕ್ಷು. “ಅಚಲ ಅನ್ನೋ ಮಾತು ಎಲ್ಲರಿಗೂ ಹಾಕ್ತಾರೆ. ಇವರಿಗೆ ಬೇರೆ ಮಾತು ಬೇಕು.”

“ಆ ಸಾಲೇ ಬೇಡ ಟೀಚರ್. ಅವರ ಹೃದಯ ಎಲ್ಲಿತ್ತು ಅಂತ ನಂಗೊತ್ತು,” ಎಂದಳು ಯೇರ್. “ನನಗೋಸ್ಕರ ಎದ್ದು ನಿಂತೋರು ಅವರು.”

“ಏನೂ ನಂಬಿರಲಿಲ್ಲ ಅಂತ ಬರೆದ್ಬಿಡಿ. ಸತ್ಯ ಬರಿಯೋಕೇನು ಭಯ?” ಎಂದ ಸಕ್ದಾ.

ಒಂದು ಮಾತು ಸಾಕಾಗಿತ್ತು. ನಾನು ಬಾಯಿ ಬಿಟ್ಟಿದ್ದರೆ ಮೂರು ಮುಖಗಳೂ ಬದಲಾಗುತ್ತಿದ್ದವು, ನಾನು ಗೆಲ್ಲುತ್ತಿದ್ದೆ. ಅಷ್ಟೂ ಗುರುಪೂಜೆಗಳ ಗರಿಕೆ ಒಟ್ಟಿಗೆ ನನ್ನ ಮಡಿಲಿಗೆ ಬೀಳುತ್ತಿತ್ತು. ನಾಲಿಗೆಯ ತುದಿಗೂ ಬಂತು. ಆಗ ಯೇರಳ ಕೈ ನೋಡಿದೆ. ಬಟ್ಟಲನ್ನು ಎರಡೂ ಕೈಯಿಂದ ಹಿಡಿದಿದ್ದಳು, ದೊನ್ನೆ ಹಿಡಿದ ಹಾಗೆ. ಇವರು ಮೂವರೂ ಪೆಂಗ್ ಹೇಳದೆ ಬಿಟ್ಟ ಜಾಗದಲ್ಲಿ ಮನೆ ಕಟ್ಟಿಕೊಂಡವರು. ನಾನು ಹೇಳಿದರೆ ಯಾರದಾದರೂ ಒಂದು ಮನೆ ಬೀಳುತ್ತದೆ. ಇದು ಒಳ್ಳೆಯ ಕಾರಣ. ಆದರೆ ಅದರ ಬೆನ್ನಿಗೇ ಇನ್ನೊಂದು ಕಾರಣ ಬಂದು ಕೂತಿತು, ಅದೇ ಹೆಚ್ಚು ಬಲವಾದದ್ದು: ಇದು ನನ್ನದು. ಇವರಿಗೆ ಅವಳು ಪಾಠ ಕೊಟ್ಟಳು, ಪ್ರಶ್ನೆ ಕೊಟ್ಟಳು, ಎದ್ದು ನಿಂತಳು. ನನಗೆ ಇದೊಂದನ್ನು ಕೊಟ್ಟಳು. ಹಂಚಿಕೊಳ್ಳಲು ನನಗೆ ಮನಸ್ಸಿಲ್ಲ.

“ಬರೀತೀನಿ ಬಿಡಿ,” ಎಂದೆ. “ಗಂಜಿ ಆರುತ್ತೆ, ಕುಡೀರಿ.”

ಸ್ಮಶಾನದಲ್ಲಿ ಜನವೋ ಜನ. ಕಾಗದದ ಗೋಪುರ ಕಟ್ಟಿದ ತೇರನ್ನು ಹಳೆಯ ವಿದ್ಯಾರ್ಥಿಗಳೇ ಹಗ್ಗ ಹಿಡಿದು ಎಳೆದರು. ಹಗ್ಗದ ತುದಿಗೂ ತಳ್ಳಾಟ. ನಾನು ಮೈಕಿನ ಮುಂದೆ ನಿಂತು ಓದಿದೆ. ಹಳ್ಳಿ, ಮಗ್ಗ, ಕಾಲೇಜು, ಶಾಲೆ, ಪದಕ. ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಹಾಕಿ ಅವಳು ಕೋಳಿ ಹುರಿದರೆ ಇಡೀ ಕೇರಿ ಕೆಮ್ಮುತ್ತಿತ್ತು ಎಂಬುದನ್ನೂ ಸೇರಿಸಿದ್ದೆ. ಅಲ್ಲಿ ಒಬ್ಬಿಬ್ಬರು ನಕ್ಕರು. ಆಸ್ಪತ್ರೆ. ಆಮೇಲೆ ಆ ಸಾಲು.

‘ಪೆಂಗ್ ಟೀಚರ್ ತಾವು ಏನು ನಂಬಿದ್ದೇವೆಂದು ತಮ್ಮ ಯಾವ ವಿದ್ಯಾರ್ಥಿಗೂ ಹೇಳಲಿಲ್ಲ.’

ಅಷ್ಟೇ ಓದಿ ಕಾಗದ ಮಡಿಚಿದೆ. ಭಿಕ್ಷುಗಳ ಸಾಲಿನಲ್ಲಿ ಇನ್‌ಕೇವ್ ತಲೆಯೆತ್ತಿ ನನ್ನನ್ನು ನೋಡಿದ. ಜನ ಗಂಧದ ಚಕ್ಕೆಯ ಹೂವುಗಳನ್ನು ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲಿಟ್ಟು ಇಳಿದರು. ನಾನು ಇಟ್ಟು ಇಳಿಯುವಷ್ಟರಲ್ಲಿ ಸಕ್ದಾ ಮೆಟ್ಟಿಲ ಕೆಳಗೆ ಕಾಯುತ್ತಿದ್ದ.

“ಯಾವ ವಿದ್ಯಾರ್ಥಿಗೂ ಅಂದ್ರಿ. ಅಂದ್ರೆ ನಿಮಗೆ ಹೇಳಿದಾರೆ!”

“ಹೇಳಿದಾಳೆ.”

“ಏನಂದ್ರು?” ಯೇರ್ ಕೂಡ ಬಂದಿದ್ದಳು, ನೀರಿನ ಬಾಟಲಿ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು. “ನಮಗೆ ಹೇಳಿ ಟೀಚರ್. ನಾವೇನು ಈಗ ಮಕ್ಕಳಾ?”

“ನೀವೇ ಅಲ್ವಾ ಎಲ್ಲಾನೂ ಹೇಳ್ಬಿಡೋ ಟೀಚರು,” ಎಂದ ಸಕ್ದಾ. ನನ್ನ ಚೀಲವನ್ನು ಕೇಳದೆಯೇ ಹೆಗಲಿಗೆ ಹಾಕಿಕೊಂಡ. “ನಡೀರಿ, ಮನೆಗೆ ನಾನು ಬಿಡ್ತೀನಿ. ದಾರೀಲಿ ಹೇಳಿ.”

“ಹೊಳೆಯವರೆಗೂ ನಾನೂ ಆ ಕಡೆಗೇ,” ಎಂದ ಭಿಕ್ಷು, ಯಾವಾಗ ಬಂದು ನಿಂತಿದ್ದನೋ.

ಎಡಗಡೆ ಒಬ್ಬ, ಬಲಗಡೆ ಒಬ್ಬಳು, ಹಿಂದೆ ಕಾವಿ. ಹಿಂದಿನಿಂದ ಇನ್ನೂ ಯಾರೋ ಸೇರಿಕೊಳ್ಳುತ್ತಿದ್ದರು. ಇಷ್ಟು ವರ್ಷ ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳುತ್ತ ಹೋದಾಗ ಯಾರೂ ನನ್ನ ಹಿಂದೆ ಬರಲಿಲ್ಲ. ಪೆಂಗ್ ಅನುಭವಿಸಿದ ಸುಖ ಎಂಥದ್ದೆಂದು ಆವತ್ತು ಗೊತ್ತಾಯಿತು. ಗೊತ್ತಾಗಿ ಅವಳ ಮೇಲೆ ಇನ್ನಷ್ಟು ಹೊಟ್ಟೆ ಉರಿಯಿತು. ಸ್ಮಶಾನದ ಗೇಟಿನಲ್ಲೊಂದು ಭೂತದ ಗುಡಿ ಇದೆ. ಸಕ್ದಾ ಓರೆಗಣ್ಣಿನಿಂದ ನನ್ನ ಕೈಗಳನ್ನೇ ನೋಡುತ್ತಿದ್ದ. ಒಂದರಲ್ಲಿ ನೀರಿನ ಬಾಟಲಿ ಇತ್ತು. ಇನ್ನೊಂದರಲ್ಲಿ ಕೊಡೆ.

ಇದನ್ನು ಬರೆಯುತ್ತಿರುವಾಗ ಒಂದು ಯೋಚನೆ ಬಿಡದೆ ಕಾಡುತ್ತಿದೆ. ಅವಳು ನನಗೊಬ್ಬಳಿಗೇ ಹೇಳಿದಳು ಎಂದು ಹೇಗೆ ನಂಬಲಿ? ನಾನು ಮನೆಗೆ ಹೋಗಿ ಬರುವಷ್ಟರಲ್ಲಿ ಫಿಕುನ್ ಅವಳ ಬಳಿ ಇರುತ್ತಿದ್ದಳು. ನನ್ನನ್ನು ಗದರಿದ ಆ ನರ್ಸು ರಾತ್ರಿಯೆಲ್ಲ ಅಲ್ಲೇ ಕೂತಿರುತ್ತಿದ್ದಳು. ಆ ಸಾಲು ಓದಿದಾಗ ಫಿಕುನ್ ನನ್ನತ್ತ ನೋಡಿ ಸಣ್ಣಗೆ ನಕ್ಕದ್ದು ಯಾಕೆ? ಅವಳನ್ನು ಕೇಳಲಾರೆ. ಕೇಳಬೇಕಾದವಳನ್ನು ಕೇಳೋಣವೆಂದು ನಿನ್ನೆ ಚಹಾ ಇಟ್ಟು ಗೋಡೆ ತಟ್ಟಿದೆ. ಆಮೇಲೆ ನೆನಪಾಯಿತು. ಆದರೂ ಇನ್ನೊಮ್ಮೆ ತಟ್ಟಿದೆ.